ಮಾರ್ಚ್ ಎರಡನೇ ವಾರದ ಬಗ್ಗೆ ಆದ್ಯತಾ ವಿಭಾಗಕ್ಕೊಂದು ಅರಿಕೆ

ಲೇಜಿ ಹೆರನ್ ರಜಾ ವಸತಿ, ಫ್ಲಾರಿಡಾ, ಇದರ ಮುಂಗಡ ಆದ್ಯತಾ ವಿಭಾಗದ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೇ,

ತಾವು, ತಮ್ಮ ಕುಟುಂಬ, ತಮ್ಮ ಕಂಪ್ಯೂಟರುಗಳು, ಹಾಗೂ ಫೋನಿನಲ್ಲಿ ನಮ್ಮನ್ನು ಕಾಯಿಸುವಾಗಲೆಲ್ಲ ಒಂದೇ ರಾಗವನ್ನು ಊದುತ್ತಿರುವ ಆ ದಣಿವರಿಯದ ಸ್ಯಾಕ್ಸೊಫೋನ್ ವಾದಕರು, ಎಲ್ಲರೂ ಕ್ಷೇಮವೆಂದು ನಂಬಿ ಈ ಪತ್ರ ಬರೆಯುತ್ತಿದ್ದೇನೆ. ತಮ್ಮ ಹೆಸರನ್ನು ಒಂಬತ್ತು ತಿಂಗಳಿಂದ ವಿಚಾರಿಸುತ್ತಿದ್ದರೂ ಯಾರೂ ಹೇಳದಿರುವುದರಿಂದ ಬರೀ 'ಮಾನ್ಯರೇ' ಎಂದು ಕರೆದದ್ದಕ್ಕೆ ಕ್ಷಮೆ ಇರಲಿ. ನನ್ನ ಹೆಸರು ವೆಂಡೆಲ್ ಕ್ರಾಟ್ಜ್. ಓಹಿಯೋದ ಫಿಂಡ್ಲೆಯವನು. ಮೂವತ್ತೊಂದು ವರ್ಷ ಜಿಲ್ಲೆಯ ರಸ್ತೆಗಳಲ್ಲಿ ಹಿಮ ತೆಗೆಯುವ ಗಾಡಿ ಓಡಿಸಿ ನಿವೃತ್ತನಾದವನಾದ್ದರಿಂದ, ಮಾರ್ಚ್ ತಿಂಗಳಲ್ಲಿ ಬಿಸಿಲಿರುವ ಊರಿನಲ್ಲಿ ಒಂದು ವಾರ ಕೂರುವುದು ನನಗೂ ನನ್ನ ಹೆಂಡತಿ ಆರ್ಡಿತ್‌ಗೂ ಬಹಳ ಹಿಂದಿನ ಹಂಬಲ. ಅದಕ್ಕೇ ಇಪ್ಪತ್ತೆರಡು ವರ್ಷಗಳ ಹಿಂದೆ ತಮ್ಮಲ್ಲಿ ವಾರವೊಂದರ ಮಾಲೀಕರಾದೆವು. ಕೋಣೆ 207, ಮಾರ್ಚ್ ಎರಡನೇ ವಾರ, ಪ್ರತಿ ವರ್ಷವೂ ನಮ್ಮದೇ.

ಪಕ್ಕದ 206ರ ಅದೇ ವಾರ ಮಿಷಿಗನ್‌ನ ಸ್ಯಾಗಿನಾದವರಾದ ಮರ್ಲ್ ಮತ್ತು ಡೆಲೋರಿಸ್ ಹೌಟ್ಸ್ಮಾ ದಂಪತಿಯದು. ಓಹಿಯೋದವರೂ ಮಿಷಿಗನ್‌ನವರೂ ಒಂದೇ ಮೇಜಿನಲ್ಲಿ ಶಾಂತಿಯಿಂದ ಕೂರುವುದು ಆ ಎರಡು ರಾಜ್ಯಗಳ ಫುಟ್‌ಬಾಲ್ ವೈರ ಬಲ್ಲವರಿಗೆ ನಂಬಲಾಗದ ಮಾತು. ಆದರೂ ನಾವು ಕೂತೆವು. ವರ್ಷಕ್ಕೆ ಏಳು ಸಂಜೆ ನಾಲ್ವರೂ ಯೂಕರ್ ಎಂಬ ಇಸ್ಪೀಟಾಟ ಆಡಿದೆವು, ಉಳಿದ ಮುನ್ನೂರ ಐವತ್ತೆಂಟು ದಿನ ಯಾರು ಮೋಸ ಮಾಡಿದರೆಂದು ಕಾಗದದಲ್ಲಿ ಜಗಳವಾಡಿದೆವು. ಆ ವಾರ ಬಿಟ್ಟು, ಆ ವಸತಿ ಬಿಟ್ಟು ಬೇರೆಲ್ಲೂ ನಾವು ಪರಸ್ಪರ ಮುಖ ಕಂಡವರಲ್ಲ. ಎರಡು ವರ್ಷಗಳ ಹಿಂದೆ ಮರ್ಲ್ ತೀರಿಕೊಂಡರು. ಮೂವರೇ ಆಡುವುದಕ್ಕೆ ಡೆಲೋರಿಸ್ ಒಪ್ಪುವುದಿಲ್ಲ. ಮರ್ಲ್ ಪಾಲಿನ ಎಲೆಗಳನ್ನೂ ಹಂಚಿಸಿ, ಎರಡು ಕೈಯನ್ನೂ ತಾವೇ ಆಡಿ, ನಮ್ಮನ್ನು ಸೋಲಿಸುತ್ತಾರೆ.

ಇಷ್ಟು ಪೀಠಿಕೆಯಾದ ಮೇಲೆ ತಮ್ಮ ಇಲಾಖೆಯ ಮಹಿಮೆಗೆ ಬರುತ್ತೇನೆ. ಎಂಟು ವರ್ಷಗಳ ಹಿಂದೆ ತಾವು ನಮಗೆಲ್ಲ ಉಚಿತ ಉಪಾಹಾರ ಕೊಟ್ಟು, ಒಂದೇ ವಾರಕ್ಕೆ ಕಟ್ಟಿಹಾಕಿಕೊಂಡ ಮಾಲೀಕರು ಎಷ್ಟು ನತದೃಷ್ಟರೆಂದು ಮೂರು ಗಂಟೆ ಕಾಲ ತಿಳಿಹೇಳಿದಿರಿ. ವಾರವನ್ನು ತಮಗೊಪ್ಪಿಸಿ ಬದಲಿಗೆ ಪಾಯಿಂಟುಗಳನ್ನು ಪಡೆದರೆ ಯಾವ ವಾರ ಬೇಕಾದರೂ ನಮ್ಮದೇ ಎಂದಿರಿ. ಮರ್ಲ್ ಪ್ಯಾನ್‌ಕೇಕ್ ಮುಗಿಸಿ, "ನನಗೆ ಈ ವಾರಾನೇ ಸಾಕಪ್ಪ, ಬೇರೆ ವಾರ ತಗೊಂಡು ಏನ್ ಮಾಡ್ಲಿ?" ಎಂದು ಎದ್ದುಹೋದರು. ನಾನು ಬುದ್ಧಿವಂತ, ಸಹಿ ಹಾಕಿದೆ.

ಆ ಬುದ್ಧಿವಂತಿಕೆಯ ಫಲವಾಗಿ ಆದ್ಯತೆಯ ಏಣಿಯನ್ನು ನಾನೀಗ ನಿದ್ದೆಯಲ್ಲೂ ಒಪ್ಪಿಸಬಲ್ಲೆ. ಸಹಿ ಹಾಕದ ಡೆಲೋರಿಸ್ ಬುಕಿಂಗ್ ಮಾಡುವ ಹಾಗೇ ಇಲ್ಲ. ಸೂಟ್‌ಕೇಸ್ ಹಿಡಿದು ಬಂದರಾಯಿತು. ಸಹಿ ಹಾಕಿದ ನಾವು ಅದೇ ವಸತಿಯ ಪಾಯಿಂಟುದಾರರಾದ್ದರಿಂದ ಹನ್ನೊಂದು ತಿಂಗಳು ಮೊದಲು, ಬೆಳಿಗ್ಗೆ ಎಂಟಕ್ಕೆ ಸರಿಯಾಗಿ, ತಮ್ಮ ಬಾಗಿಲು ತಟ್ಟಬಹುದು. ತಮ್ಮ ಬೇರೆ ಊರಿನ ವಸತಿಗಳವರಿಗೆ ಏಳು ತಿಂಗಳು ಮೊದಲು. ಬೇರೆ ಕಂಪನಿಗಳ ವಸತಿಗಳಿಂದ ವಿನಿಮಯದಲ್ಲಿ ಬರುವವರಿಗೆ ಉಳಿದದ್ದು, ಅಂದರೆ ಸೆಪ್ಟೆಂಬರಿನ ಚಂಡಮಾರುತ. ಇಷ್ಟು ಚೊಕ್ಕವಾದ ಏಣಿಯನ್ನು ಕಟ್ಟಿದ ತಮ್ಮನ್ನು ಎಷ್ಟು ಹೊಗಳಿದರೂ ಸಾಲದು. ಎಂಟು ಗಂಟೆ ಹೊಡೆದು ಒಂದು ಸೆಕೆಂಡಿಗೆ ನಾವು ಒಳಹೊಕ್ಕಾಗ ಮೇಲಿನ ಮೆಟ್ಟಿಲಲ್ಲಿ ಆಗಲೇ ಜನ ಕೂತಿರುತ್ತಾರೆ, ಅದೊಂದೇ ಚಿಕ್ಕ ಕೊರತೆ. ಇಷ್ಟು ವರ್ಷ ಯಾರಾದರೂ ಕೊನೆಗಳಿಗೆಯಲ್ಲಿ ರದ್ದು ಮಾಡಿದ್ದರಿಂದ ಹೇಗೋ ದಕ್ಕಿತು.

ಅವರು ಹೇಗೆ ಬಂದರೆಂಬುದನ್ನು ಈಜುಕೊಳದ ಬಳಿ ಸ್ಟಕಿ ಎಂಬ ಪ್ಲಾಟಿನಂ ದರ್ಜೆಯ ಮಾಲೀಕರು ನನಗೆ ಕಿವಿಯಲ್ಲಿ ಹೇಳಿದರು. ಬೇಕಾದ ವಾರಕ್ಕಿಂತ ಬಹಳ ಮುಂಚಿನ, ಯಾರಿಗೂ ಬೇಡದ ವಾರವೊಂದನ್ನು ಹಿಡಿದು, ದಿನಾ ಬೆಳಿಗ್ಗೆ ಎಂಟಕ್ಕೆ ಅದನ್ನು ಒಂದೊಂದೇ ದಿನ ಮುಂದಕ್ಕೆ ಸರಿಸುತ್ತ ಹೋಗಬೇಕಂತೆ. ಬೇಕಾದ ವಾರದ ಬಾಗಿಲು ತೆರೆಯುವ ಹೊತ್ತಿಗೆ ಅದರ ಆರು ರಾತ್ರಿ ಆಗಲೇ ಕೈಯಲ್ಲಿರುತ್ತವಂತೆ. ಇದಕ್ಕೆ ಬುಕಿಂಗನ್ನು 'ನಡೆಸುವುದು' ಎನ್ನುತ್ತಾರೆ. ಬೆಳಿಗ್ಗೆ ನಾಯಿಯನ್ನು ನಡೆಸಿಕೊಂಡು ಹೋಗುವ ಹಾಗೆ. ತಮ್ಮ ನಿಯಮದಲ್ಲಿ ಇದಕ್ಕೆ ಅಡ್ಡಿಯಿಲ್ಲ, ಹಾಗೆಂದು ಯಾರಿಗೂ ತಿಳಿಸುವುದೂ ಇಲ್ಲ.

ಕಳೆದ ಮಾರ್ಚಿನಲ್ಲಿ ಹೊರಡುವ ದಿನ ಡೆಲೋರಿಸ್ ಎಲೆಗಳನ್ನು ಡಬ್ಬಿಗೆ ಹಾಕುತ್ತ, "ಬರೋ ವರ್ಷ ಒಂದು ಸಲ ಬರ್ತೀನಿ, ಅಷ್ಟೇ. ಮಕ್ಕಳು ಈ ವಾರಾನ ವಾಪಸ್ ಕೊಟ್ಟುಬಿಡ್ತಾರಂತೆ. ನನಗೂ ಎಂಬತ್ನಾಲ್ಕಾಯ್ತು" ಎಂದರು. ಆರ್ಡಿತ್ ಸ್ನಾನದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬರುವ ಮಾರ್ಚಿನ ಆ ವಾರ ನಮಗೆ ಬೇಕಾಗಿತ್ತು, ಮಾನ್ಯರೇ. ಬೇರೆ ಯಾವ ವಾರವೂ, ತಾವು ಅರಮನೆಯನ್ನೇ ಕೊಟ್ಟರೂ, ಬೇಡವಾಗಿತ್ತು.

ಊರಿಗೆ ಮರಳಿದ ನಾನು ಮರುದಿನದಿಂದಲೇ ನಡೆಸತೊಡಗಿದೆ. ಹದಿನಾರು ಬೆಳಿಗ್ಗೆ ನಾನೂ ಆರ್ಡಿತ್ತೂ ಕಾಫಿ ಮುಟ್ಟದೆ ಗಡಿಯಾರ ನೋಡುತ್ತ ಕೂತೆವು. ಹದಿನಾರನೆಯ ದಿನ ಬುಕಿಂಗ್ ಬಂದು ಸರಿಯಾಗಿ ಡೆಲೋರಿಸ್‌ರ ವಾರ ಶುರುವಾಗುವ ಶನಿವಾರದ ಮೇಲೆ ನಿಂತಿತು. ಮುಗಿಯಿತೆಂದು ಹೆಂಡತಿಗೆ ಹೇಳಬೇಕೆಂಬುದು ಮಾತ್ರ ನನಗೆ ಹೊಳೆಯಲಿಲ್ಲ. ನಲವತ್ತಾರು ವರ್ಷದ ದಾಂಪತ್ಯದಲ್ಲಿ ಎಲ್ಲವನ್ನೂ ಬಾಯಿ ಬಿಟ್ಟು ಹೇಳುವ ರೂಢಿ ತಪ್ಪಿರುತ್ತದೆ. ಮರುದಿನ ಬೆಳಿಗ್ಗೆ ನಾನು ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದುಕೊಂಡು ಕೂತಿದ್ದಾಗ, ಗಂಡ ಮರೆತಿದ್ದಾನೆಂದು ಬಗೆದ ಆರ್ಡಿತ್ ಎಂಟಕ್ಕೆ ಸರಿಯಾಗಿ ಬುಕಿಂಗನ್ನು ಇನ್ನೊಂದು ದಿನ ಮುಂದೆ ನಡೆಸಿದಳು. "ಎಷ್ಟು ಸಲೀಸಾಗಿ ಹೋಯ್ತು ಗೊತ್ತಾ! ನೀನಿದ್ರೆ ಹತ್ತು ಸಲ ಬೈತಿದ್ದೆ" ಎಂದು ಹೆಮ್ಮೆಯಿಂದ ಹೇಳಿದವಳಿಗೆ, ಬಾಯಿ ಮರಗಟ್ಟಿದ್ದರಿಂದ, ಕ್ಯಾಲೆಂಡರಿನ ಶನಿವಾರವನ್ನು ಬೆರಳಿನಲ್ಲಿ ತೋರಿಸಿದೆ.

ಹೋದದ್ದು ಒಂದು ಶನಿವಾರ ರಾತ್ರಿ. ಉಳಿದ ಆರು ರಾತ್ರಿ ಕೈಯಲ್ಲಿದ್ದವು. ಬುದ್ಧಿಯಿದ್ದವನು ಅಲ್ಲಿಗೆ ಸುಮ್ಮನಾಗುತ್ತಿದ್ದ. ನಾನು ತಮಗೆ ಫೋನ್ ಮಾಡಿದೆ. ಕೆಂಡ್ರಾ ಎಂಬ ಸೌಜನ್ಯವತಿ, ಬುಕಿಂಗ್ ಮುಂದಕ್ಕೆ ಸರಿಯುತ್ತದೆಯೇ ಹೊರತು ಹಿಂದಕ್ಕೆ ಬರುವುದಿಲ್ಲವೆಂದು ವಿವರಿಸಿ, ಶನಿವಾರ ಇನ್ನೂ ಖಾಲಿ ಕಾಣುತ್ತಿರುವುದರಿಂದ ಎಲ್ಲವನ್ನೂ ರದ್ದು ಮಾಡಿ ಹೊಸದಾಗಿ ಹಿಡಿಯೋಣ, ಎರಡೇ ನಿಮಿಷ ಎಂದರು. ರದ್ದಾಯಿತು. ಎರಡು ನಿಮಿಷವೂ ಆಯಿತು. ಆಮೇಲೆ, "ಸರ್... ಏಳು ರಾತ್ರಿನೂ ಬೇರೆಯವರು ಹಿಡಿದ್ಬಿಟ್ರು ಸರ್" ಎಂದರು. ಅವರ ದನಿ ನಿಜಕ್ಕೂ ಇಳಿದಿತ್ತು. ಅವರ ಮೇಲೆ ನನ್ನ ದೂರಿಲ್ಲ; ಸಾಧ್ಯವಾದರೆ ಅವರ ಸಂಬಳ ಹೆಚ್ಚಿಸಿ. ಕಾಯುವ ಪಟ್ಟಿಯಲ್ಲಿ ನನ್ನನ್ನು ನಲವತ್ತೊಂದನೆಯವನಾಗಿ ಕೂರಿಸಿದವರೂ ಅವರೇ.

ಆದುದರಿಂದ ತಮ್ಮಲ್ಲಿ ಕೆಲವು ಸಣ್ಣ ಬೇಡಿಕೆಗಳಿವೆ. ಮಾರ್ಚ್ ಎರಡನೇ ವಾರವನ್ನು ವರ್ಷಕ್ಕೆ ಎರಡು ಬಾರಿ ಬರುವಂತೆ ಮಾಡುವುದು. ಅದಾಗದಿದ್ದರೆ, ನನ್ನ ಸರದಿ ಬರುವವರೆಗೆ ಡೆಲೋರಿಸ್‌ರ ವಯಸ್ಸನ್ನು ಎಂಬತ್ನಾಲ್ಕರಲ್ಲೇ ತಡೆದಿಡುವುದು. ಕಂಪ್ಯೂಟರು ಮುಂದಕ್ಕೆ ಮಾತ್ರ ಹೋಗುವುದಾದರೂ ಒಂದೆಡೆ ನಿಲ್ಲಬಲ್ಲದೆಂದು ನಂಬಿದ್ದೇನೆ. ಎಂಟು ವರ್ಷಗಳ ಹಿಂದಿನ ಆ ಉಪಾಹಾರವನ್ನು ಮತ್ತೊಮ್ಮೆ ಏರ್ಪಡಿಸಿ, ಈ ಸಲ ನನಗೆ ಪೆನ್ನು ಕೊಡದೆ ಪ್ಯಾನ್‌ಕೇಕನ್ನಷ್ಟೇ ಕೊಡುವುದಾದರೂ ಸಂತೋಷ.

ಡೆಲೋರಿಸ್‌ಗೆ ಇದನ್ನು ತಿಳಿಸಲು ನಮಗೆ ಧೈರ್ಯವಾಗದೆ, ಪಟ್ಟಿ ಕರಗೀತೆಂದು ತಿಂಗಳುಗಟ್ಟಲೆ ಕಾದೆವು. ಕ್ರಿಸ್‌ಮಸ್ ದಿನ ಅವರೇ ಫೋನ್ ಮಾಡಿ, ಮೊದಲ ಸಂಜೆಗೆ ಆರ್ಡಿತ್ ಯಾವ ಕೇಕ್ ತರುತ್ತಾಳೆಂದು ಕೇಳಿದಾಗ ಇವಳು ಅಳುತ್ತ ಎಲ್ಲ ಹೇಳಿಬಿಟ್ಟಳು. ಆ ಕಡೆಯಿಂದ ಬಂದ ಮಾತನ್ನು ಹಾಗೇ ಬರೆಯುತ್ತೇನೆ: "ಅಯ್ಯೋ ಪೆದ್ದುಗಳಾ, ಅದಕ್ಕೆ ಒಂಬತ್ತು ತಿಂಗಳು ಮೂತಿ ಮುಚ್ಕೊಂಡಿದ್ರಾ? ನನ್ನ ಕೋಣೇಲಿ ಸೋಫಾ ಬಿಚ್ಚಿದ್ರೆ ಹಾಸಿಗೆ ಆಗುತ್ತೆ. ವೆಂಡೆಲ್ ಅದರಲ್ಲಿ ಮಲಗಲಿ. ನೀನು ನನ್ನ ಪಕ್ಕ ಮಲಗು, ಮರ್ಲ್ ಜಾಗ ಖಾಲಿ ಇದೆ."

ಹೀಗೆ ತಮ್ಮ ಏಣಿಯ ಯಾವ ಮೆಟ್ಟಿಲನ್ನೂ ಹತ್ತದೆ, ಬುಕಿಂಗ್ ಎಂದರೇನೆಂದು ಒಮ್ಮೆಯೂ ತಿಳಿದುಕೊಳ್ಳದ ಒಬ್ಬ ಮುದುಕಿಯ ಅತಿಥಿಗಳಾಗಿ ನಾವು ಬರುತ್ತಿದ್ದೇವೆ. ಬಾಗಿಲಲ್ಲಿ ತಡೆಯಬೇಡಿರೆಂದು ವಿನಂತಿ.

ತಮ್ಮ ವಿಶ್ವಾಸಿ, ಮತ್ತು ಪಟ್ಟಿಯ ನಲವತ್ತೊಂದನೆಯವ,
ವೆಂಡೆಲ್ ಕ್ರಾಟ್ಜ್

ಮರೆತ ಮಾತು: ಈ ಪತ್ರವನ್ನು ಲಕೋಟೆಗೆ ಹಾಕುವಷ್ಟರಲ್ಲಿ ತಮ್ಮ ಸಂದೇಶ ಬಂತು. ಮುಂದಿದ್ದ ನಲವತ್ತು ಮಂದಿಯೂ ಹೇಗೋ ಕರಗಿ, ಅದೇ ವಾರಕ್ಕೆ ಅದೇ 207 ನಮಗೆ ಸಿಕ್ಕಿದೆಯೆಂದೂ, ಇಪ್ಪತ್ನಾಲ್ಕು ಗಂಟೆಯೊಳಗೆ ಒಪ್ಪಬೇಕೆಂದೂ ತಿಳಿಸಿದ್ದೀರಿ. ಓದಿ ಆರ್ಡಿತ್ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಕೋಣೆಯನ್ನು ನಿರಾಕರಿಸಿದ್ದೇವೆ. ನಿರಾಕರಣೆಗೆ ಕಾರಣವೇನೆಂದು ತಮ್ಮ ನಮೂನೆಯಲ್ಲಿ ಕೇಳಿದೆ: ದಿನಾಂಕ ಹೊಂದುವುದಿಲ್ಲ, ಅನಾರೋಗ್ಯ, ಕೋಣೆ ಇಷ್ಟವಿಲ್ಲ, ಇತರೆ. 'ಇತರೆ'ಗೆ ಗುರುತು ಹಾಕಿ ಮುಂದಿನ ಖಾಲಿ ಜಾಗದಲ್ಲಿ ಬರೆದಿದ್ದೇನೆ: ಡೆಲೋರಿಸ್ ಕರೆದಿದ್ದಾರೆ.