ತಾತನ ಕಡಲ ಮನೆಯ ಪಾಲು

ನಮ್ಮ ಮನೆತನಕ್ಕೆ ಕಲ್ಲಿಕೋಟೆಯ ಆಚೆ, ಸಮುದ್ರದ ದಡದಲ್ಲಿ, ಎರಡು ಕೋಣೆಯ ಹೆಂಚಿನ ಮನೆಯೊಂದಿದೆ ಎಂದರೆ ನಮ್ಮೂರು ದೊಡ್ಡಗಾಜನೂರಿನಲ್ಲಿ ನಗದವರಿಲ್ಲ. ನಗಲಿ. ಉಬ್ಬಸವಿದ್ದ ನಮ್ಮ ತಾತನಿಗೆ ಯಾರೋ ವೈದ್ಯರು ಕಡಲ ಗಾಳಿ ಒಳ್ಳೆಯದೆಂದರಂತೆ. ತಾತ ಹುಣಸೆ ಮಾರಿದ ದುಡ್ಡಿನಲ್ಲಿ ಆ ಮನೆ ಕೊಂಡು, ಒಂದು ವಾರ ಇದ್ದು, 'ಗಾಳಿ ಜಾಸ್ತಿಯಾಯಿತು' ಎಂದು ಓಡಿಬಂದರು. ಆಮೇಲೆ ನಲವತ್ತು ವರ್ಷ ಅತ್ತ ತಲೆ ಹಾಕಿದವರಿಲ್ಲ. (ಜಗಳಕ್ಕೆ ಮಾತ್ರ ಬರವಿರಲಿಲ್ಲ.) ಅದು ನಮ್ಮಪ್ಪನ ಪಾಲಿಗೆ ಬರುವಷ್ಟರಲ್ಲಿ ಅಪ್ಪನೂ ದೊಡ್ಡಪ್ಪನೂ ಹನ್ನೊಂದು ವರ್ಷ ಮಾತು ಬಿಟ್ಟಿದ್ದರು. ಸಮುದ್ರ ಇರುವುದು ಮೂಡಲಿಗೋ ಪಡುವಲಿಗೋ ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಹೋದ ವರ್ಷ, ಎಪ್ಪತ್ತೊಂಬತ್ತರಲ್ಲಿ, ನಾನೂ ಅಣ್ಣ ನಂಜಪ್ಪನೂ ಪಾಲಾದೆವು. ಹಠಕ್ಕೆ ಬಿದ್ದು, ಬಾವಿ ಇದ್ದ ಹೊಲವನ್ನು ಅವನಿಗೆ ಬಿಟ್ಟು ಕಡಲ ಮನೆಯನ್ನು ಗೆದ್ದೆ. ದಿಗ್ವಿಜಯ ಮುಗಿಸಿದ ಚಕ್ರವರ್ತಿಯ ಹಾಗೆ ಮನೆಗೆ ಬಂದರೆ, ಪಟ್ಟದರಸಿ ವಿಶಾಲಾಕ್ಷಮ್ಮ ಸೌದೆ ಹಿಡಿದು ನಿಂತಿದ್ದಳು.

"ಬಾವಿ ಒಲ ಬುಟ್ಬುಟ್ಟು ಸಮುದ್ರ ಈಸ್ಕಂಡು ಬಂದ್ರಾ? ಆ ಉಪ್ಪುನೀರ ನಮ್ ರಾಗಿಗ ಆಯಿಸ್ತೀರಾ?"

"ತಾತನ ಆಸ್ತಿ ಕಣಮ್ಮಿ!"

"ತಾತನೇ ಬುಟ್ಟು ಓಡ್ಬಂದ ಆಸ್ತಿ!"

ಅವಳ ಬಾಯಿ ಮುಚ್ಚಿಸಲೆಂದೇ ಸುಗ್ಗಿ ಮುಗಿದ ಮೇಲೆ ಬಸ್ಸು ಹತ್ತಿಸಿಕೊಂಡು ಹೋದೆ. ಮನೆ ಗಟ್ಟಿಯಾಗಿಯೇ ಇತ್ತು. ಸಮುದ್ರ ನೋಡಿ ನನ್ನ ಜೀವ ಬಾಯಿಗೆ ಬಂತು. ನಮ್ಮೂರಲ್ಲಿ ಆನೆ ಹೊಲಕ್ಕೆ ನುಗ್ಗಿದರೆ ತಮಟೆ ಬಡಿದು ಓಡಿಸಬಹುದು. ಇದು ನಿಮಿಷಕ್ಕೊಮ್ಮೆ ಮೇಲೆ ಬರುತ್ತದೆ, ತಡೆಯಲು ಒಂದು ಬೇಲಿಯೂ ಇಲ್ಲ! ನಾನು ಅದಕ್ಕೆ ಬೆನ್ನು ಮಾಡಿ ಗೋಡೆ ನೋಡುತ್ತ ಕುಳಿತೆ. ಅವಳೋ ಸೆರಗು ಸಿಕ್ಕಿಸಿ, ಮೊಣಕಾಲುದ್ದ ನೀರಿನಲ್ಲಿ ನಿಂತು ಗಟ್ಟಿಯಾಗಿ ನಗುತ್ತಿದ್ದಳು. ಮದುವೆಯಾದ ಹದಿನಾರು ವರ್ಷದಲ್ಲಿ ಆ ನಗುವನ್ನು ನಾನು ಕೇಳಿರಲಿಲ್ಲ. ಖುಷಿಯೂ ಆಯಿತು, ಹೊಟ್ಟೆಯೂ ಉರಿಯಿತು.

ಮೂರನೆಯ ದಿನ ಸೋತೆ. "ನಡಿ ಊರ್ಗ ಓಗವ. ಅಣ್ಣನ ಕಾಲ್ ಇಡ್ದಾದ್ರೂ ಬಾವಿ ಒಲ ಈಸ್ಕತೀನಿ. ಈ ಮನೆ ಅವ್ನೇ ಮಡಿಕಳ್ಳಿ."

"ನೀವ್ ಓಗಿ. ಮನೆ ಮಾತ್ರ ಕೊಡಕಿಲ್ಲ. ನಿಮ್ಮಟ್ಟಿಗ ಸೊಸ ಆಗಿ ಬಂದ್ ಮ್ಯಾಲ ನಾ ಸುಮ್ಕ ಕುಂತಿರದು ಈ ಮೂರ್ ದಿನಾನೇ ಕಣಿ. ಬಂದ್ ದಿನಾನೇ ಅಕ್ಕಂಗೂ ಕಾಗ್ದ ಆಕಿವ್ನಿ, ಬತ್ತಾಳ."

ಅಕ್ಕ ಎಂದರೆ ನಂಜಪ್ಪನ ಹೆಂಡತಿ. ನಾನು ಊರು ಸೇರುವಷ್ಟರಲ್ಲಿ ಅತ್ತಿಗೆ ಹಾಸಿಗೆ ಸುತ್ತಿಕೊಂಡು ಬಸ್ಸು ಹತ್ತಿಯಾಗಿತ್ತು. ಅಣ್ಣ ಜಗಲಿಯ ಮೇಲೆ ತಲೆಯ ಮೇಲೆ ಕೈಹೊತ್ತು ಕುಳಿತಿದ್ದ. ಹೊಲದ ಮಾತೆತ್ತಲು ಬಾಯಿ ತೆರೆದೆ. ಅವನೇ ಮೊದಲು ಕೇಳಿದ:

"ಲೇ, ನಿಂಗ ರಾಗಿ ಮುದ್ದ ಮಾಡಕ ಬತ್ತದಾ?"

ಇವತ್ತಿಗೆ ಹದಿನೈದು ದಿನವಾಯಿತು. ಪಂಚಾಯ್ತಿ ಸೇರಿಸಿ ಒಲೆ ಬೇರೆ ಮಾಡಿಕೊಂಡ ಅಣ್ಣತಮ್ಮಂದಿರು ಒಂದೇ ಒಲೆಯ ಮುಂದೆ ಕುಳಿತು ಊದುಗೊಳವೆ ಊದುತ್ತಿದ್ದೇವೆ. ಹೊಲ ಯಾರದೆಂಬ ಮಾತೇ ಎದ್ದಿಲ್ಲ. ಮುಸುರೆ ಪಾತ್ರೆ ಯಾರು ತಿಕ್ಕಬೇಕೆಂಬುದಕ್ಕೆ ಮಾತ್ರ ನಾಳೆ ಪಂಚಾಯ್ತಿ ಸೇರಿಸಬೇಕಾಗಿದೆ.