ಸಲಾಲಾಕ್ಕೆ ಸ್ಯಾನ್ ರಮೋನ್ ಮೇಲಿನ ದಾರಿ

೨೦೦೦ನೇ ಇಸವಿ ಫೆಬ್ರವರಿ ಹನ್ನೆರಡು, ಶನಿವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಅಮೆರಿಕದ ಫ್ರೀವೇಯಲ್ಲಿ ಒಂಟೆ ಅಡ್ಡ ಬಂತೆಂದು ಕಾರು ನಿಧಾನ ಮಾಡಿದ ಮೊದಲ ಕನ್ನಡಿಗ ಎಂಬ ಕೀರ್ತಿ ಆ ಗಳಿಗೆಯಲ್ಲಿ ನನ್ನ ಸೋದರಮಾವನಿಗೆ ಸಂದಿತು. ಎರಡನೆಯವರು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಅವರಿಗೆ ಯಾರೂ ಲೈಸೆನ್ಸ್ ಕೊಟ್ಟಿರಲಾರರು.

ಒಂಟೆ ಎಲ್ಲಿತ್ತು ಎನ್ನುತ್ತೀರಾ? ಎಲ್ಲೂ ಇರಲಿಲ್ಲ! ಸ್ಯಾನ್ ರಮೋನಿನಿಂದ ಡ್ಯಾನ್‌ವಿಲ್ಲಿಗೆ ಹೋಗುವ ೬೮೦ರಲ್ಲಿ ಒಂಟೆಗೇನು ಕೆಲಸ? ಹಿಂದಿನ ಸೀಟಿನಲ್ಲಿ ಕೂತ ಅವರ ಏಳು ವರ್ಷದ ಮಗಳು ತನಗೆ ಮನಸ್ಸು ಬಂದಾಗ 'ಕ್ಯಾಮಲ್' ಎಂದು ಕೂಗಬೇಕು. ಕೂಗಿದೊಡನೆ ಮಾವ ಬ್ರೇಕು ತುಳಿಯಬೇಕು. ಆದರೆ ನನ್ನ ಕೈಯಲ್ಲಿದ್ದ ಸ್ಟೀಲ್ ಲೋಟದ ಮಜ್ಜಿಗೆ ತುಳುಕಬಾರದು. ಇದು ಪ್ರಯೋಗದ ನಿಯಮ. ಅವಳು ಕೂಗಿದಳು, ಮಾವ ತುಳಿದರು, ಮಜ್ಜಿಗೆ ಪೂರ್ತಿಯಾಗಿ ನನ್ನ ಜೀನ್ಸಿನ ಮೇಲೆ ಬಂತು. ಹಿಂದಿದ್ದ ಟ್ರಕ್ಕಿನವನು ಹಾರನ್ನಿನ ಮೇಲಿಂದ ಕೈ ತೆಗೆಯದೆ ನಮ್ಮನ್ನು ದಾಟಿಕೊಂಡು ಹೋದ. ಮಾವ ಅವನತ್ತ ನೋಡಿ ಮರುಕದಿಂದ ಹೇಳಿದರು:

"ಪಾಪ, ಅವನಿಗೆ ಒಂಟೆ ಕಾಣಿಸ್ಲಿಲ್ಲ."

ಈ ಹುಚ್ಚಿನ ಮೂಲ ನನ್ನ ಅಮ್ಮ. ಅಂದರೆ ಮಾವನ ಒಡಹುಟ್ಟಿದ ಅಕ್ಕ. ಅಪ್ಪನ ಕೆಲಸದ ನಿಮಿತ್ತ ಹನ್ನೆರಡು ವರ್ಷದಿಂದ ಶಾರ್ಜಾದಲ್ಲಿರುವ ಅಮ್ಮ, ಗಲ್ಫ್ ಎಂದು ನೋಡಿರುವುದು ತನ್ನ ಕಾಲು ನಡೆದಷ್ಟು ದೂರವನ್ನು ಮಾತ್ರ. ಕಾರು ಹತ್ತಿದ ಕಾಲು ಗಂಟೆಗೆ ಅವಳಿಗೆ ವಾಂತಿ. ನಾನು ಅಲ್ಲೇ ಬೆಳೆದವಳಾದ್ದರಿಂದ ನಮ್ಮ ಕುಟುಂಬದ ಪ್ರವಾಸಗಳ ಇತಿಹಾಸ ನನಗೆ ಬಾಯಿಪಾಠ: ಹೊರಟೆವು, ನಿಲ್ಲಿಸಿದೆವು, ತಿರುಗಿದೆವು, ಮನೆಯಲ್ಲಿ ಪುಳಿಯೋಗರೆ ತಿಂದೆವು.

ಇಂಥ ಅಮ್ಮನಿಗೆ ಪಕ್ಕದ ಫ್ಲ್ಯಾಟಿನವರು ಸಲಾಲಾದ ಆಲ್ಬಮ್ ತೋರಿಸಿಬಿಟ್ಟರು. ಗಡಿಯಾಚೆ ಒಮಾನಿನ ದಕ್ಷಿಣ ತುದಿಯ ಊರು ಅದು. ಮರುಭೂಮಿಯೆಲ್ಲ ಬಾಣಲೆಯಾಗಿರುವ ಜುಲೈ, ಆಗಸ್ಟಿನಲ್ಲಿ ಅಲ್ಲಿ ಮಾತ್ರ ಸೋನೆ ಮಳೆ, ಹಸಿರು ಗುಡ್ಡ, ರಸ್ತೆಬದಿಯಲ್ಲಿ ಎಳನೀರಿನ ಅಂಗಡಿ. ಮದ್ದೂರಿನ ಹೆಣ್ಣುಮಗಳು ಮರಳು ನೋಡಿ ನೋಡಿ ಸಾಕಾಗಿದ್ದಾಗ ಆ ಫೋಟೊಗಳನ್ನು ಕಂಡಳು. ಮಾವನಿಗೆ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಒಂದ್ಸಲ ಮಳೇಲಿ ನಿಂತ್ಕಂಡು ಎಳ್ನೀರು ಕುಡೀಬೇಕು ಕಣ್ಲಾ. ಆಗಲ್ಲ ಬುಡು." ಆ 'ಆಗಲ್ಲ ಬುಡು' ಮಾವನ ತಲೆಯಲ್ಲಿ ಕೂತುಬಿಟ್ಟಿತು. ಶಾರ್ಜಾದಿಂದ ಸಲಾಲಾಕ್ಕೆ ಸಾವಿರಕ್ಕೂ ಹೆಚ್ಚು ಕಿಲೋಮೀಟರು. ಮುಂದಿನ ವರ್ಷ ಬೇಸಿಗೆಯ ಉದ್ದ ರಜೆ ಹಾಕಿ ತಾವೇ ಹೋಗಿ, ಭಾವನ ಕಾರಿನಲ್ಲಿ ಅಕ್ಕನನ್ನು ಕೂರಿಸಿಕೊಂಡು, ಒಂದು ಸಲವೂ ವಾಂತಿಯಾಗದಂತೆ ಗಡಿ ದಾಟಿಸುವುದೆಂದು ತೀರ್ಮಾನಿಸಿದರು.

ವಿಮಾನದಲ್ಲಿ ಹೋಗಬಹುದಲ್ಲ ಎಂದು ಅತ್ತೆ ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅಮ್ಮನಿಗೆ ಅದೂ ಆಗುವುದಿಲ್ಲ. ಮಾವನ ಉತ್ತರ ಇನ್ನೂ ನ್ಯಾಯವಾದದ್ದು. "ಕಾರಾದ್ರೆ ಪಕ್ಕಕ್ಕೆ ನಿಲ್ಲಿಸ್ಬಹುದು. ವಿಮಾನ ಸ್ವಲ್ಪ ಪಕ್ಕಕ್ಕೆ ಹಾಕಪ್ಪಾ ಅಂದ್ರೆ ಹಾಕ್ತಾನಾ?"

ಮಾವ ಆಗ ಮೆನ್ಲೋ ಪಾರ್ಕಿನಲ್ಲಿ, ಇಂಟರ್‌ನೆಟ್ಟಿನಲ್ಲಿ ಕಿಟಕಿ ಪರದೆ ಮಾರುವ ಕಂಪನಿಯೊಂದರಲ್ಲಿದ್ದರು. ಪರದೆ ಎಷ್ಟು ಮಾರಾಟವಾಗುತ್ತಿತ್ತೋ ಗೊತ್ತಿಲ್ಲ, ಮಧ್ಯಾಹ್ನದ ಊಟ ಮಾತ್ರ ಬಿಟ್ಟಿ. ಅಲ್ಲಿ ಯಾವುದನ್ನೂ ಪ್ರಯೋಗ ಮಾಡದೆ ಬಿಡುಗಡೆ ಮಾಡುವಂತಿರಲಿಲ್ಲವಾದ್ದರಿಂದ, ಅಕ್ಕನ ಪ್ರವಾಸಕ್ಕೂ ಪ್ರಯೋಗ ಆಗಲೇಬೇಕೆಂದರು. ನಾನು ಅವರ ಮನೆಯಲ್ಲೇ ಇದ್ದುಕೊಂಡು ಸ್ಯಾನ್ ರಮೋನಿನ ಆಫೀಸೊಂದರಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ ಮಾಡುತ್ತಿದ್ದೆ. ದಿನಚರಿ ಬರೆಯುವ ಚಟ ಬೇರೆ. ಯಾರ ಅಭಿಪ್ರಾಯವನ್ನೂ ಕೇಳದೆ ನನ್ನನ್ನು ವಾಂತಿ ವಿಭಾಗದ ಮುಖ್ಯಸ್ಥೆಯಾಗಿ ನೇಮಿಸಿದರು.

ಮರುಭೂಮಿಯ ದಾರಿಗೆ ಅಡ್ಡ ಬರುವ ಒಂಟೆಯ ಬಳಿಕ ಗಡಿಯ ಸರದಿ. ಗಡಿಯಲ್ಲಿ ಕಾರು ಹೆಚ್ಚು ಹೊತ್ತು ನಿಂತರೆ ಒಳಗಿನ ಗಾಳಿ ಬಿಸಿಯಾಗುತ್ತದೆ, ಬಿಸಿಯಾದರೆ ಅಕ್ಕನಿಗೆ ಹೊಟ್ಟೆ ತೊಳಸುತ್ತದೆ. ಆದ್ದರಿಂದ ಎಲ್ಲರ ಪಾಸ್‌ಪೋರ್ಟುಗಳನ್ನೂ ಫೋಟೊ ಇರುವ ಪುಟ ತೆರೆದು, ಒಂದರ ಮೇಲೊಂದು ಜೋಡಿಸಿ, ಒಂದೇ ಏಟಿಗೆ ಕಿಟಕಿಯಿಂದ ನೀಡುವುದು ಅಭ್ಯಾಸವಾಗಬೇಕು. ಇದನ್ನು ಎಲ್ಲಿ ಅಭ್ಯಾಸ ಮಾಡುವುದು? ಮೆನ್ಲೋ ಪಾರ್ಕಿಗೆ ಹೋಗುವ ಸೇತುವೆಯ ಟೋಲ್ ಬೂತು ಇರುವುದು ಮತ್ತೇಕೆ!

ಒಂದು ಸೋಮವಾರ ನಾನೂ ಜೊತೆಗಿದ್ದೆ. ಬೂತಿನಲ್ಲಿ ಕೂತ ದಪ್ಪ ಕನ್ನಡಕದ ಹೆಂಗಸು ಟೋಲಿಗಾಗಿ ಕೈ ಚಾಚಿದಳು. ಮಾವ ಆ ಕೈಯಲ್ಲಿ ನಾಲ್ಕು ಪಾಸ್‌ಪೋರ್ಟು ಇಟ್ಟರು. ಅವಳು ಒಂದೊಂದನ್ನೂ ನೋಡಿದಳು. ಮಾವನ ಫೋಟೊ ನೋಡಿದಳು, ಮಾವನನ್ನು ನೋಡಿದಳು. ಆಮೇಲೆ, ಸರ್, ಇದು ಬರೀ ಮೆನ್ಲೋ ಪಾರ್ಕು, ವೀಸಾ ಇಲ್ಲದೆಯೂ ಬಿಡುತ್ತೇವೆ ಎಂದಳು. ಮಾವ ವಾಚು ನೋಡಿಕೊಂಡು ನನಗೆ ಹೇಳಿದ್ದು: "ಇಪ್ಪತ್ತೆರಡು ಸೆಕೆಂಡು. ಬರ್ಕೋ." ಅಂದಿನಿಂದ ಆ ಹೆಂಗಸು ಮಾವನನ್ನು ಕಂಡಾಗಲೆಲ್ಲ ಟೋಲು ಇಸಿದುಕೊಳ್ಳುವ ಮೊದಲು ಮನೆಯವರೆಲ್ಲ ಕ್ಷೇಮವೇ, ಯಾವ ದೇಶಕ್ಕೆ ಹೊರಟಿರಿ ಎಂದು ವಿಚಾರಿಸತೊಡಗಿದಳು. ಹಿಂದಿನ ಕಾರುಗಳ ಸಾಲು ಬೆಳೆಯುತ್ತಿತ್ತು.

ಆದರೆ ಮುಖ್ಯ ಪ್ರಯೋಗಕ್ಕೆ ಒಂದು ಕೊರತೆಯಿತ್ತು. ನಮ್ಮ ಕಾರಿನಲ್ಲಿ ವಾಂತಿ ಮಾಡುವವರು ಯಾರೂ ಇರಲಿಲ್ಲ! ಮಾವ ಎಷ್ಟು ಕೆಟ್ಟದಾಗಿ ಓಡಿಸಿದರೂ ನಾವು ಕಲ್ಲಿನಂತೆ ಕೂತಿರುತ್ತಿದ್ದೆವು. ಯುಗಾದಿಗೆ ಕನ್ನಡದವರೆಲ್ಲ ಸೇರಿದ ಊಟದಲ್ಲಿ ಮಾವ ಎಲೆಯಿಂದ ಎಲೆಗೆ ಹೋಗಿ, ನಿಮ್ಮ ಮನೆಯಲ್ಲಿ ಕಾರಿನಲ್ಲಿ ವಾಂತಿ ಮಾಡುವವರು ಇದ್ದಾರೆಯೇ ಎಂದು ಕೇಳಿದರು. ಹೋಳಿಗೆ ತಿನ್ನುತ್ತಿದ್ದವರಿಗೆ ಈ ಪ್ರಶ್ನೆ ಹೇಗಿರುತ್ತದೆಂದು ಊಹಿಸಿಕೊಳ್ಳಿ. ಅತ್ತೆ ಮುಖ ಮುಚ್ಚಿಕೊಂಡು ಕಾರಿನಲ್ಲಿ ಹೋಗಿ ಕೂತರು. ಆದರೆ ಕೊನೆಯ ಸಾಲಿನಲ್ಲಿ ಒಬ್ಬರು ಎಲೆಯಿಂದ ತಲೆಯೆತ್ತಿ, ಹೆಮ್ಮೆಯಿಂದಲೇ, "ನಾನಿದ್ದೀನಲ್ಲ" ಎಂದರು. ಡ್ಯಾನ್‌ವಿಲ್ಲಿನಲ್ಲಿ ಮಗಳ ಮನೆಗೆ ಬಂದಿದ್ದ ಹಾಸನದ ಅಜ್ಜಿ. ವಾಂತಿಯ ಭಯಕ್ಕೆ ಮಗಳು ಅಳಿಯ ಇವರನ್ನು ಎಲ್ಲಿಗೂ ಕರೆದೊಯ್ಯುತ್ತಿರಲಿಲ್ಲ. ಆ ಹಬ್ಬದೂಟಕ್ಕೂ ಅಜ್ಜಿ ಮೂಗಿಗೆ ನಿಂಬೆಹಣ್ಣು ಹಿಡಿದುಕೊಂಡೇ ಬಂದಿದ್ದರು.

ಆ ಬೇಸಿಗೆಯ ಎಲ್ಲ ಭಾನುವಾರಗಳೂ ಅಜ್ಜಿಗೆ ಮೀಸಲಾದವು. ಹಸಿ ಶುಂಠಿ, ಏಲಕ್ಕಿ, ಖಾಲಿ ಹೊಟ್ಟೆ, ತುಂಬಿದ ಹೊಟ್ಟೆ, ಕಿಟಕಿ ಮುಚ್ಚಿ, ಕಿಟಕಿ ತೆರೆದು, ಎಡಕ್ಕೆ ಮುಖ ಮಾಡಿ, ಕಣ್ಣಿಗೆ ಬಟ್ಟೆ ಕಟ್ಟಿ. ಕಣ್ಣಿಗೆ ಬಟ್ಟೆ ಕಟ್ಟಿದ ಅಜ್ಜಿಯನ್ನು ಕೂರಿಸಿಕೊಂಡ ಕಾರನ್ನು ಕಂಡು ಪೊಲೀಸಿನವನು ನಿಲ್ಲಿಸಿದ. ಅವನಿಗೆ ವಿವರಿಸಿ ಹೇಳಲು ತೆಗೆದುಕೊಂಡ ಹೊತ್ತಿನಲ್ಲಿ ಶಾರ್ಜಾದಿಂದ ಒಮಾನಿನ ಗಡಿಯ ಅಲ್ ಐನ್ ತಲುಪಬಹುದಿತ್ತು. ಫಲಿತಾಂಶ ಮಾತ್ರ ಯಾವಾಗಲೂ ಒಂದೇ. ಸುನೋಲ್ ಬಳಿಯ ತಿರುವು ಬಂದೊಡನೆ ಅಜ್ಜಿ ಮಾವನ ಭುಜ ತಟ್ಟುವರು. ಹೊರಗೆ ಹೋಗಿ ಬಂದು, "ಇವತ್ತು ಏಲಕ್ಕಿ ವಾಸನೆ ಬಂತು ಅಷ್ಟೇ" ಎನ್ನುವರು.

ಇದನ್ನೆಲ್ಲ ಫೋನಿನಲ್ಲಿ ಹೇಳಿ ನಾನು ನಗುತ್ತಿದ್ದರೆ ಅಮ್ಮ ನಗಲಿಲ್ಲ. ಆಗಲೇ ಅವಳು ನನಗೆ ಗೊತ್ತಿಲ್ಲದ್ದೊಂದು ಹೇಳಿದಳು. ಮಾವ ಎಂಟು ವರ್ಷದವರಿದ್ದಾಗ ಕಿವಿಯಲ್ಲಿ ಕೀವು ಸೋರುತ್ತಿತ್ತಂತೆ. ಪ್ರತಿ ವಾರ ಮದ್ದೂರಿನಿಂದ ಮೈಸೂರಿನ ದೊಡ್ಡಾಸ್ಪತ್ರೆಗೆ ಬಸ್ಸಿನಲ್ಲಿ ಕರೆದೊಯ್ಯಬೇಕು. ನನ್ನ ತಾತ, ಅಜ್ಜಿ ಗದ್ದೆ ಬಿಟ್ಟು ಬರುವಂತಿರಲಿಲ್ಲ. ಹದಿಮೂರು ವರ್ಷದ ಅಮ್ಮನೇ ಒಂದು ವರ್ಷ ಕರೆದುಕೊಂಡು ಹೋದಳು. ಹೋಗುತ್ತಾ ಶ್ರೀರಂಗಪಟ್ಟಣದಲ್ಲಿ ಒಂದು ಸಲ, ಬರುತ್ತಾ ಮಂಡ್ಯದಲ್ಲಿ ಒಂದು ಸಲ. ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿದಾಗ ಜಡೆ ಕೊಳೆಯಾಗದಂತೆ ಎರಡೂ ಕೈಯಲ್ಲಿ ಹಿಡಿದುಕೊಳ್ಳುವುದು ತಮ್ಮನ ಕೆಲಸ.

"ಇನ್ನೂ ಹಿಡ್ಕಂಡೇ ಅವ್ನೆ ಕಣೆ," ಎಂದಳು ಅಮ್ಮ. "ಬುಡು ಅಂತ ಹೇಳು."

ನಾನು ಹೇಳಿದೆ. ಅವರು ಬಿಡಲಿಲ್ಲ.

ಸೆಪ್ಟೆಂಬರಿನ ಒಂದು ಭಾನುವಾರ, ಆಫೀಸು ಪಾರ್ಕೊಂದರ ಖಾಲಿ ಪಾರ್ಕಿಂಗ್ ಜಾಗದಲ್ಲಿ ತಿರುವುಗಳ ಅಭ್ಯಾಸ ನಡೆದಿತ್ತು. ಆರನೇ ಸುತ್ತಿಗೆ ಅಜ್ಜಿಯ ತಾಳ್ಮೆ ಮುಗಿಯಿತು. ನಿನ್ನ ಬ್ರೇಕಿನಿಂದಲೇ ನನಗೆ ಹೀಗಾಗುವುದು ಎಂದು ಬೈದು, ಕೆಳಗಿಳಿದು, ಮಾವನ ಬದಿಗೆ ಬಂದು ಬಾಗಿಲು ತೆಗೆದರು.

"ಸರಿಯಪ್ಪ ಆ ಕಡೆ. ನಾನೇ ತಿರುಗಿಸ್ತೀನಿ."

"ಅಜ್ಜಿ, ಬ್ರೇಕು ಎಡಗಡೆ—"

"ಅದು ಆಮೇಲೆ ಹೇಳು. ಹಾರನ್ನು ಎಲ್ಲಿ?"

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಜ್ಜಿ ಹೊರಟರು. ಎತ್ತಿನ ಗಾಡಿಯ ವೇಗದಲ್ಲಿ, ಬೆಳಕಿನ ಕಂಬಗಳಿಗೆಲ್ಲ ಹಾರನ್ ಹೊಡೆಯುತ್ತಾ, ಹನ್ನೊಂದು ಸುತ್ತು. ಇಳಿದಾಗ ಮುಖ ಕೆಂಪಾಗಿತ್ತು, ಹಸಿವಾಗಿದೆ ಎಂದರು. ಕಾರಿನಿಂದಿಳಿದ ಅಜ್ಜಿ ಹಸಿವೆಂದದ್ದು ಚರಿತ್ರೆಯಲ್ಲೇ ಮೊದಲು! ಮಾವ ಗಾಬರಿಯಾದವರಂತೆ ನಿಂತಿದ್ದರು. ಎಂಟು ತಿಂಗಳು ನಾವು ತಪ್ಪು ಮನುಷ್ಯನಿಗೆ ಡ್ರೈವಿಂಗ್ ಅಭ್ಯಾಸ ಮಾಡಿಸಿದ್ದೆವು. ಕಾರು ಓಡಿಸುವವರಿಗೆ ವಾಂತಿ ಬರುವುದಿಲ್ಲ. ಅಕ್ಕನನ್ನು ಕೂರಿಸಿಕೊಂಡು ಹೋಗುವುದಲ್ಲ, ಅಕ್ಕನೇ ಓಡಿಸಬೇಕು!

ನಲವತ್ತೇಳು ವರ್ಷದ ಅಮ್ಮನಿಗೆ ಇದನ್ನು ಹೇಳಲು ಮಾವ ಫೋನ್ ಕಾರ್ಡುಗಳನ್ನು ಕಂತೆಗಟ್ಟಲೆ ಖರ್ಚು ಮಾಡಿದರು. ಅಮ್ಮ ಮೊದಲು ಬೈದಳು, ಆಮೇಲೆ ಅತ್ತಳು, ಆಮೇಲೆ ಬ್ರೇಕು ಯಾವ ಕಾಲಿನದು ಎಂದು ಕೇಳಿದಳು. ಮೊದಲ ಪಾಠ ಮುಗಿಸಿದ ದಿನ ಅವಳೇ ಫೋನ್ ಮಾಡಿದಳು.

"ಬರ್ನಿಲ್ಲ ಕಣ್ಲಾ."

"ಯಾರು, ಮೇಷ್ಟ್ರಾ?"

"ವಾಂತಿ ಕಣ್ಲಾ."

ಲೈಸೆನ್ಸ್ ಪರೀಕ್ಷೆ ಬೇರೆ ಕತೆ. ಮೊದಲ ಸಲ, ಬೆಕ್ಕು ರಸ್ತೆ ದಾಟುವುದೋ ಇಲ್ಲವೋ ನಿರ್ಧರಿಸುವವರೆಗೆ ಕಾದಿದ್ದಕ್ಕೆ ಫೇಲು. ಎರಡನೇ ಸಲ, ಕೈ ಹೊರಗೆ ಹಾಕಿ 'ಹೋಗಿ ಹೋಗಿ' ಎಂದು ಹಿಂದಿನವರಿಗೆ ಸನ್ನೆ ಮಾಡಿದ್ದಕ್ಕೆ. ಮೂರನೇ ಸಲ, ತನ್ನ ಬದಿಯ ಬ್ರೇಕು ತುಳಿದ ಪರೀಕ್ಷಕನನ್ನು ಮಂಡ್ಯದ ಕನ್ನಡದಲ್ಲಿ ವಿಚಾರಿಸಿಕೊಂಡಿದ್ದಕ್ಕೆ. ನಾಲ್ಕನೇ ಸಲ ಪಾಸಾದಳು. ಆ ಪರೀಕ್ಷಕ ಬದಲಾಗಿದ್ದ.

ಎಲ್ಲವೂ ಸಿದ್ಧವಾದಾಗ, ಮಾವನ ಕಂಪನಿ ಮುಚ್ಚಿತು. ೨೦೦೧ರ ಏಪ್ರಿಲ್. ಬೆಳಿಗ್ಗೆ ಹೋದವರು ಹನ್ನೊಂದಕ್ಕೆಲ್ಲ ಒಂದು ಪೆಟ್ಟಿಗೆ ಹಿಡಿದುಕೊಂಡು ಬಂದರು. ಪೆಟ್ಟಿಗೆಯ ತುಂಬ ಮಾರಾಟವಾಗದ ಪರದೆ. ಜೂನಿನಲ್ಲಿ ಇನ್ನೊಂದು ಕೆಲಸವೇನೋ ಸಿಕ್ಕಿತು, ಆದರೆ ವೀಸಾದ ಕಾಗದಗಳು ಕೈಗೆ ಬಂದಿರಲಿಲ್ಲ. ಈಗ ದೇಶ ಬಿಟ್ಟರೆ ಹಿಂದಿರುಗುವ ಭರವಸೆ ಇಲ್ಲ ಎಂದ ವಕೀಲ. ಜಗತ್ತಿನ ಎಲ್ಲ ಗಡಿಗಳಿಗೂ ತಾಲೀಮು ಮಾಡಿದ್ದ ಮನುಷ್ಯನಿಗೆ ಮನೆ ಮುಂದಿನ ಗಡಿಯೇ ಮುಚ್ಚಿತ್ತು. ಮೂರನೇ ದಿನ ಮಾವ ಅಕ್ಕನಿಗೆ ಫೋನ್ ಮಾಡಿ, "ನೀನು ಹೋಗು. ನಿಂಗೆ ನಾನ್ಯಾಕೆ?" ಎಂದರು. ನಾನಿಲ್ಲದೆ ಹೋಗಬೇಡ ಎಂದು ಕಣ್ಣು ಹೇಳುತ್ತಿತ್ತು. ಫೋನಿನಲ್ಲಿ ಕಣ್ಣು ಕಾಣಿಸುವುದಿಲ್ಲ.

ಆಗಸ್ಟಿನ ಮೊದಲ ವಾರ ಅಮ್ಮ, ಅಪ್ಪ ಹೊರಟರು. ಎರಡು ದಿನ ಸುದ್ದಿಯಿಲ್ಲ. ಮೂರನೆಯ ದಿನ ನಾವು ಬೆಳಗಿನ ಕಾಫಿ ಕುಡಿಯುವಾಗ ಸಲಾಲಾದ ಬೂತಿನಿಂದ ಫೋನು. ಮಾವ ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದರು. ಮೊದಲು ಮಾತಾಡಿದ್ದು ಅಪ್ಪ. ದನಿ ಬಹಳ ಸಣ್ಣದಾಗಿತ್ತು.

"ನಾಲ್ಕು ಸಲ ಆಯ್ತು ಕಣಯ್ಯಾ."

"ಅಯ್ಯೋ, ಅಕ್ಕಂಗಾ?"

"ಅವಳಿಗೇನಾಗಿದೆ, ಗುಂಡುಕಲ್ಲಿನಂಗವಳೆ. ನಂಗೆ! ಹಿಂದೆ ಕೂರ್ಸಿದ್ಲು ನನ್ನ."

ಮುಂದಿನ ಸೀಟಿನಲ್ಲಿ ಯಾಕೆ ಕೂರಲಿಲ್ಲ, ಲಗೇಜು ಹೆಚ್ಚಾಯಿತೇ ಎಂದು ಮಾವ ಕೇಳಿದರು.

"ಲಗೇಜೂ ಇಲ್ಲ, ಏನೂ ಇಲ್ಲ, ಖಾಲಿ. ಖಾಲಿ ಸೀಟಿಗೆ ಬೆಲ್ಟ್ ಬೇರೆ ಹಾಕಿದ್ಲು. ಗಡಿಯಲ್ಲಿ ಆ ಆಫೀಸರು ಇಲ್ಲಿ ಯಾರು ಅಂತ ಕೇಳ್ದ. 'ಮೈ ಬ್ರದರ್' ಅಂದ್ಬಿಟ್ಲು. ತಗೋ, ಬ್ರದರ್ ಪಾಸ್‌ಪೋರ್ಟು ಎಲ್ಲಿ ಅಂತ ಅವನು. ಡಿಕ್ಕಿ ತೆಗೆಸಿದ, ಸೀಟಿನಡಿ ನೋಡ್ದ. ಮುಕ್ಕಾಲು ಗಂಟೆ ಹುಡುಕಿದ್ರು ನಿನ್ನ, ಆ ಬಿಸಿಲಲ್ಲಿ."

ಆ ಕಡೆ ಅಮ್ಮ ಫೋನು ಕಿತ್ತುಕೊಂಡದ್ದು ಕೇಳಿಸಿತು. ಹಿಂದೆ ಸಣ್ಣಗೆ ಒಂದು ಶಬ್ದ ಬರುತ್ತಿತ್ತು, ತಗಡಿನ ಮೇಲೆ ಹನಿ ಬಿದ್ದ ಹಾಗೆ.

"ಮಳೆ ಬತ್ತಾ ಅದೆ. ಕೇಳುಸ್ತಾ? ಎಲ್ಡು ಎಳ್ನೀರು ಕೆತ್ಸಿದ್ದೀನಿ," ಎಂದಳು ಅಮ್ಮ. "ನಿಂದೂ ನಾನೇ ಕುಡೀತೀನಿ, ಆಯ್ತಾ?"

ಮಾವ ತಲೆಯಾಡಿಸಿದರು. ಫೋನಿನಲ್ಲಿ ಅದೂ ಕಾಣಿಸುವುದಿಲ್ಲ. ನಾನೇ ಆಯ್ತು ಎಂದೆ.

ಅಮ್ಮ, ಅಪ್ಪ ಇನ್ನೂ ಅದೇ ಕಾರಿನಲ್ಲಿ ಶಾರ್ಜಾಕ್ಕೆ ವಾಪಸಾಗಬೇಕು. ಹಿಂದಿನ ಸೀಟಿನಲ್ಲಿ ಕೂರುವ ಐವತ್ತು ದಾಟಿದ ಗಂಡಸರ ವಾಂತಿಗೆ ಯಾವುದಾದರೂ ಮದ್ದು ಬಲ್ಲವರು ಬೇಗ ಬರೆದು ತಿಳಿಸಿದರೆ ಅಪ್ಪ ಋಣಿಯಾಗಿರುತ್ತಾರೆ. ಏಲಕ್ಕಿ, ಶುಂಠಿ ಬೇಡ, ನೋಡಿಯಾಗಿದೆ. ಮುಂದೆ ಕೂರಿಸಿ ಎಂದು ಮಾತ್ರ ಯಾರೂ ಬರೆಯಬೇಡಿ. ಆ ಸೀಟಿನಲ್ಲಿ ಜನ ಇದ್ದಾರೆ.