ಮೇಸ್ತ್ರಿಗಳ ಪುಸ್ತಕಕ್ಕೆ ದಲ್ಲಾಳಿ ಹುಡುಕಿದ್ದು

ಬಾಗಿಲು ಸ್ವಲ್ಪ ಮುಂದಕ್ಕೆ ತಳ್ಳಿ, ಹತ್ತಿರ ಬಂದು ಕೂತ್ಕೊಳ್ಳಿ. ಈ ಮಾತು ನಿಮ್ಮ ಕಿವಿ ದಾಟಕೂಡದು, ನಿಮ್ಮ ಮಕ್ಕಳಾಣೆ. ನಾನೂ ಯಾರಿಗೂ ಹೇಳಿಲ್ಲ. ಹೇಳಿದ್ದರೂ ನಾಲ್ಕೈದು ಮನೆಗೆ ಅಷ್ಟೆ. ನಮ್ಮ ಬೀದಿಯಲ್ಲಿ ಇಂಥವು ನಡೀತಾನೇ ಇರ್ತವೆ. ನಾನೇನೂ ಹುಡುಕಿಕೊಂಡು ಹೋಗಲ್ಲ, ಅವೇ ಕಾಂಪೌಂಡು ಹಾರಿ ಬರ್ತವೆ.

೧. ಜಾತಕ

ರಾಜಾಜಿನಗರದಲ್ಲಿ ಆಗ ಮನೆಗಿಂತ ಖಾಲಿ ಸೈಟೇ ಜಾಸ್ತಿ. ಪಕ್ಕದ ಮನೆಯವರು ಬಟ್ಟೆ ಮಿಲ್ಲಲ್ಲಿ ಮೇಸ್ತ್ರಿಯಾಗಿದ್ದು ರಿಟೈರಾದವರು. ಕೂತು ತಮ್ಮ ಜೀವನದ ಕತೆ ಬರೆದರು. ನಾನೂರು ಪುಟ! "ಎಲ್ಲಾ ನಿಜ ಕಣ್ರೀ, ಹೆಸರು ಸಮೇತ" ಅಂತ ಬೀದಿಗೆಲ್ಲ ಸಾರಿದರು.

ನನಗೆ ನನ್ನದೇ ಚಿಂತೆ ಹತ್ತಿತು. ನನ್ನ ಮಗಳನ್ನ ನೋಡೋಕೆ ಗಂಡಿನವರು ಬಂದಾಗ "ನಮ್ಮ ಹುಡುಗೀನೇ ಮಾಡಿದ್ದು" ಅಂತ ಕೊಟ್ಟ ಮೈಸೂರುಪಾಕು, ಮೇಸ್ತ್ರಿಗಳ ಹೆಂಡತಿ ಮಾಡಿಕೊಟ್ಟದ್ದು. ಬೀಗರ ಕೈಗೆ ಪುಸ್ತಕ ಸಿಕ್ಕರೆ ನನ್ನ ಮಾನ, ಮಗಳ ನೆಮ್ಮದಿ ಎರಡೂ ಹೋದಂತೆ.

ಸೀಮೆಯಲ್ಲಿ, ಅದೇ ಇಂಗ್ಲೆಂಡಲ್ಲಿ, ಪುಸ್ತಕ ಬರೆದವರು ತಾವೇ ಅಚ್ಚಿನಮನೆಗೆ ಅಲೆಯೋದಿಲ್ಲವಂತೆ, ಮಾತಾಡೋಕೆ ಮಧ್ಯೆ ಒಬ್ಬರು ಇರ್ತಾರಂತೆ. ಮಿಲ್ಲಿನ ಬಿಳಿ ದೊರೆ ಮೇಸ್ತ್ರಿಗಳಿಗೆ ಹೇಳಿದ್ದನಂತೆ. ನಮ್ಮ ಕಡೆ ಮಧ್ಯೆ ನಿಂತು ಮಾತಾಡೋನು ಒಬ್ಬನೇ, ಮದುವೆ ದಲ್ಲಾಳಿ. ಮೇಸ್ತ್ರಿಗಳು ಅವನನ್ನೇ ಕರೆಸಿದರು.

"ಜಾತಕ ಇದೆಯಾ ಸ್ವಾಮಿ?" ಅಂದ.

"ಪುಸ್ತಕಕ್ಕೆ ಎಲ್ಲಿಯ ಜಾತಕ ಮಾರಾಯಾ?"

"ಸರಿ ಬಿಡಿ, ವಯಸ್ಸಾದ್ರೂ ಎರಡು ವರ್ಷ ಕಮ್ಮಿ ಹೇಳೋಣ."

೨. ನೋಡೋಕೆ ಬಂದದ್ದು

ದಲ್ಲಾಳಿ ಅಚ್ಚಿನಮನೆ ಯಜಮಾನನನ್ನ ಕರಕೊಂಡೇ ಬಂದ. ಪುಸ್ತಕವನ್ನ ಮಣೆ ಮೇಲಿಟ್ಟು ಕುಂಕುಮ ಹಚ್ಚಿದ್ದರು. ಉಪ್ಪಿಟ್ಟು, ಕೇಸರಿಬಾತು ಆಯಿತು. ನಾನು ಕಿಟಕಿ ಹತ್ತಿರ ಸೊಪ್ಪು ಬಿಡಿಸ್ತಾ ನಿಂತಿದ್ದೆ.

"ಸ್ವಲ್ಪ ದಪ್ಪ ಅನ್ನೋದು ಬಿಟ್ರೆ ಬೇರೆ ದೋಷ ಇಲ್ಲ" ಅಂದ ದಲ್ಲಾಳಿ.

ಯಜಮಾನ ಕೇಸರಿಬಾತು ಎರಡು ಸಲ ಹಾಕಿಸಿಕೊಂಡ, ಪುಟ ಎರಡು ತಿರುವಿದ, ಎದ್ದ. "ಊರಿಗೆ ಹೋಗಿ ಕಾಗದ ಬರೀತೀವಿ" ಅಂದ.

ಅವನ ಊರು ಯಾವುದು ಅಂತೀರಿ? ಇದೇ ಬೆಂಗಳೂರಿನ ಬಳೇಪೇಟೆ!

೩. ಅಕ್ಕಿ ಆರಿಸುತ್ತಾ

ನಾನು ಓದಿದ್ದು ಎರಡನೇ ಕ್ಲಾಸು. ನಾನೂರು ಪುಟದಲ್ಲಿ ನನ್ನ ಪಾಕ ಎಲ್ಲಿ ಅಂತ ಹುಡುಕಲಿ? ದಿನಾ ಮಧ್ಯಾಹ್ನ ಮೊರ ಹಿಡಕೊಂಡು ಹೋದೆ. ಅವರ ಅಕ್ಕಿ ನಾನು ಆರಿಸೋದು, ಮೇಸ್ತ್ರಿಗಳ ಹೆಂಡತಿ ಓದಿ ಹೇಳೋದು.

ನನ್ನದು ಬರಲಿಲ್ಲ, ಊರಿನವರದ್ದೆಲ್ಲ ಬಂತು. ಮಿಲ್ಲಿನ ಗುಮಾಸ್ತ ಒಬ್ಬನಿಗೆ ಬಿನ್ನಿಪೇಟೆಯಲ್ಲೊಂದು ಸಂಸಾರ, ಕೆಂಗೇರಿಯಲ್ಲೊಂದು. ಶನಿವಾರ ಎರಡೂ ಕಡೆ ಉಪವಾಸ ಅಂತ ಹೇಳಿ ಮೂರನೇ ಮನೆಯಲ್ಲಿ ಉಣ್ಣುತ್ತಿದ್ದನಂತೆ! ಇಂಥದ್ದನ್ನ ಹೊಟ್ಟೆಯಲ್ಲಿ ಇಟ್ಕೊಳ್ಳೋಕಾಗುತ್ತಾ? ದಿನಾ ಒಂದೊಂದು, ನಲ್ಲಿ ಹತ್ತಿರ ಒಬ್ಬಳಿಗೇ ಹೇಳಿದೆ, ಗುಟ್ಟಾಗಿ.

ವಾರ ಕಳೆಯೋದರೊಳಗೆ ಹೂವಿನವಳು ನನ್ನನ್ನೇ ಪಕ್ಕಕ್ಕೆ ಕರೆದು ಹೇಳಿದಳು, "ಅಮ್ಮಾ, ಹೊಸ ಸುದ್ದಿ. ಮಿಲ್ಲಿನ ಗುಮಾಸ್ತನಿಗೆ ಮೂರು ಮನೆಯಂತೆ, ಯಾರಿಗೂ ಹೇಳಬೇಡಿ."

೪. ಪಕ್ಕದ ಮನೆಯವರು ಅಂದದ್ದು

ದಲ್ಲಾಳಿ ಇನ್ನೊಬ್ಬ ಅಚ್ಚಿನಮನೆಯವನನ್ನ ತಂದ. ಇವನು ನಿಜವಾಗಿ ಓದಿದ. ಗುಮಾಸ್ತನ ಉಪವಾಸ ಬಂತು. "ಇದನ್ನ ನನ್ನ ಹೆಂಡ್ತಿ ಹೇಳಿದಾಳೆ" ಅಂದ. ಮುಂದಿನ ಪುಟ ತಿರುವಿದ. "ಇದನ್ನೂ ಹೇಳಿದಾಳೆ." ಪುಸ್ತಕ ಮುಚ್ಚಿದ. "ಮೇಸ್ತ್ರಿಗಳೇ, ಊರಿಗೆಲ್ಲ ಗೊತ್ತಿರೋದನ್ನ ಯಾರು ಕೊಂಡು ಓದ್ತಾರೆ?"

ಅಬ್ಬಾ! ಹೋದ ಜೀವ ಬಂತು. ಆಂಜನೇಯನಿಗೆ ತುಪ್ಪದ ದೀಪ ಹಚ್ಚಿ ಬಂದರೆ, ಮೇಸ್ತ್ರಿಗಳು ಗೇಟಲ್ಲೇ ನಿಂತಿದ್ದರು.

"ಏನಮ್ಮಾ, ಪುಸ್ತಕ ನಾಲ್ಕು ಜನಕ್ಕೆ ಮುಟ್ಟಿಸೋರು ಬೇಕು ಅಂತ ಮೂರು ತಿಂಗಳು ಒದ್ದಾಡಿದೆ. ನೀವು ಗೋಡೆ ಆಚೇನೇ ಇದ್ರಲ್ಲ!"

ನನಗೆ ನಾಲಿಗೆ ತಡೀಲಿಲ್ಲ. "ಅದಿರಲಿ, ನನ್ನ ಮೈಸೂರುಪಾಕಿನ ವಿಷಯ ಯಾವ ಪುಟದಲ್ಲಿ ಬರೆದಿದ್ರಿ?" ಅಂತ ಕೇಳೇಬಿಟ್ಟೆ.

"ಅದನ್ನ ಯಾಕಮ್ಮಾ ಬರೀಲಿ? ಗುಟ್ಟಾಗಿದ್ರೆ ತಾನೇ? ಅವತ್ತು ಹೊರಡೋವಾಗ ನಿಮ್ಮ ಬೀಗಿತ್ತಿ ಪಾಕದ ವಾಸನೆ ಹಿಡಕೊಂಡು ನೆಟ್ಟಗೆ ನಮ್ಮನೆಗೇ ಬಂದು ಇನ್ನೊಂದು ಡಬ್ಬಿ ತುಂಬಿಸಿಕೊಂಡು ಹೋದ್ರು!"